ಗುಳಿಗೆಯ ಲೆಕ್ಕ, ಪೇಟಿಯ ಲೆಕ್ಕ

ಭೋರಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಲು ಬರುವವರಿಗೆ ಕೆಲಸದ ಬರವಿಲ್ಲ. ಗಲ್ಲಿಗೊಂದು ಭಜನಾ ಮಂಡಳಿ. ಪಖವಾಜಿಗೆ ಜನ ಸಿಗುತ್ತಾರೆ, ತಾಳಕ್ಕೆ ಬೇಕಾದಷ್ಟು ಮಂದಿ, ಅಭಂಗ ಹಾಡಲು ಜಗಳವಾಡುವಷ್ಟು ಮಂದಿ; ಪೇಟಿಯವರೇ ಕಡಿಮೆ. ಬೆಳಗಾವಿಯಿಂದ ಸೊಸೆಯಾಗಿ ಇಲ್ಲಿಗೆ ಬಂದಾಗ ನನಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು, ಆದರೂ ಊರಿಗೆಲ್ಲ ನಾನು ‘ಕಾನಡೀ ಸೂನ್’, ಕನ್ನಡದ ಸೊಸೆ. ಒಂದು ಕಾರ್ತಿಕ ಏಕಾದಶಿಗೆ ಮಂಡಳಿಯ ಪೇಟಿಯವರು ಕೈಕೊಟ್ಟರು. ಅತ್ತೆ ನನ್ನನ್ನು ಮುಂದೆ ತಳ್ಳಿದರು. ಮಾರನೆಯ ದಿನದಿಂದ ನಾನು ‘ಪೇಟೀವಾಲ್ಯಾ ವಹಿನಿ’, ಪೇಟಿಯ ಅತ್ತಿಗೆಯಾದೆ. ಜ್ಞಾನೇಶ್ವರರೇ ವಿಠ್ಠಲನನ್ನು ಕರ್ನಾಟಕದವನು ಅಂದಿದ್ದಾರೆ, ಅವನ ಹಿಂದೆ ಪೇಟಿಗೂ ಒಬ್ಬಳು ಕರ್ನಾಟಕದಿಂದಲೇ ಬಂದಳು ಎಂದು ಮಂಡಳಿಯ ಹಿರಿಯರೊಬ್ಬರು ಎಲ್ಲರೆದುರು ನಗೆಯಾಡಿದ್ದು ನೆನಪಿದೆ.

ಪುಣೆಯಿಂದ ಸಾತಾರೆಯ ಕಡೆ ಹೋಗುವ ಹೆದ್ದಾರಿ ಕೊನೆಗೆ ಬೆಳಗಾವಿ, ಬೆಂಗಳೂರನ್ನೇ ಮುಟ್ಟುತ್ತದೆ. ಅದರಲ್ಲಿ ಕಾಪೂರ್‌ಹೋಳದ ಹತ್ತಿರ ಪಡುವಣಕ್ಕೆ ಹೊರಳಿದರೆ ಭೋರು. ಪಂತ ಸಚಿವರ ಸಂಸ್ಥಾನವಾಗಿದ್ದ ಊರು, 1948ರಲ್ಲಿ ವಿಲೀನವಾಯಿತು. 1869ರ ರಾಜವಾಡೆ ಇನ್ನೂ ಗಟ್ಟಿಯಾಗಿದೆ, ಸಿನಿಮಾದವರು ಆಗಾಗ ಬಂದು ಲೈಟು ಹಚ್ಚುತ್ತಾರೆ. ಪಕ್ಕದಲ್ಲಿ ನೀರಾ ನದಿ, ಸ್ವಲ್ಪ ದೂರದಲ್ಲಿ ಬ್ರಿಟಿಷರ ಕಾಲದ ಭಾಟಘರ್ ಅಣೆಕಟ್ಟು. ಮಳೆ ಧಾರಾಳ, ಅಕ್ಕಿ ಘಮಘಮ. ಸಂಗೀತವನ್ನು ಮಾತ್ರ ನಾನು ತವರಿನಿಂದ ತಂದಿದ್ದೆ. ಬೆಳಗಾವಿ ಪಂಡಿತ ರಾಮಭಾವು ವಿಜಾಪುರೆಯವರ ಊರು. ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, 2010ರಲ್ಲಿ ತೀರಿಕೊಳ್ಳುವವರೆಗೂ ಪೇಟಿಯನ್ನೇ ಉಸಿರಾಡಿದವರು. ನಾನು ಅವರ ಶಿಷ್ಯೆಯಲ್ಲ, ಅಷ್ಟು ದೊಡ್ಡ ಮಾತು ಆಡುವುದಿಲ್ಲ. ಅವರನ್ನು ಕೇಳುತ್ತಾ ಬೆಳೆದ ಊರಿನಲ್ಲಿ ಓಣಿಯ ಗುರುಗಳೊಬ್ಬರ ಹತ್ತಿರ ಕಲಿತವಳು, ಅಷ್ಟೇ.

ನಲವತ್ತು ಸಮೀಪಿಸುತ್ತಿದ್ದಾಗ ಬೆಳಿಗ್ಗೆ ಎದ್ದರೆ ಒದ್ದೆ ಬಟ್ಟೆ ಹಿಂಡಲಾಗದಂತಾಯಿತು. ಎರಡೂ ಕೈಯ ಅದದೇ ಗೆಣ್ಣುಗಳು ಬಾತುಕೊಂಡಿರುತ್ತಿದ್ದವು. ಹತ್ತು ಗಂಟೆಯ ಹೊತ್ತಿಗೆ ಸಡಿಲವಾಗುತ್ತಿತ್ತು, ಹಾಗಾಗಿ ಮನೆಯಲ್ಲಿ ಯಾರೂ ನಂಬಲಿಲ್ಲ. ನಾನೇ ಪೂರ್ತಿ ನಂಬಿರಲಿಲ್ಲ. ಎಣ್ಣೆ ಹಚ್ಚಿದ್ದಾಯಿತು, ಬದನೆಕಾಯಿ ಬಿಟ್ಟದ್ದಾಯಿತು. ಕೊನೆಗೆ ಭೋರಿನ ಡಾಕ್ಟರರೇ ಪುಣೆಗೆ ಹೋಗಿ ಕೀಲುರೋಗದ ತಜ್ಞರಿಗೆ ತೋರಿಸಿ ಎಂದರು. ರಕ್ತ ಪರೀಕ್ಷೆಗಳಾದವು, ಹೆಸರು ಸಿಕ್ಕಿತು: ರುಮಟಾಯ್ಡ್ ಆರ್ಥ್ರೈಟಿಸ್.

ಫೋನಿನಲ್ಲಿ ಅವ್ವ ಅಂದಳು, “ಸಂಧಿವಾತ ಅಂದ್ರ ಮುದುಕರ ಬ್ಯಾನಿ ಅಲ್ಲೇನ? ನಿನಗ್ಯಾಕ ಬಂತವಾ?” ವಯಸ್ಸಿಗೆ ಕೀಲು ಸವೆಯುವುದು ಬೇರೆ, ಇದು ಮೈಯ ಕಾವಲು ಪಡೆ ದಾರಿ ತಪ್ಪಿ ಕೀಲಿನ ಒಳಪದರದ ಮೇಲೆಯೇ ಬೀಳುವ ರೋಗ, ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಎಂದೆಲ್ಲ ನಾನು ಡಾಕ್ಟರರ ಮಾತನ್ನೇ ಒಪ್ಪಿಸಿದೆ. “ಹಂಗಾದ್ರ ಪೇಟಿ?” ಎಂದಳು. ಅದೇ ಪ್ರಶ್ನೆಯನ್ನು ನಾನು ಡಾಕ್ಟರರಿಗೆ ಕೇಳಿ ಬಂದಿದ್ದೆ. “ನುಡಿಸಿ. ಬಿಟ್ಟರೆ ಇನ್ನೂ ಬೇಗ ಬಿಗಿಯುತ್ತದೆ. ಬಾವು ಬಂದ ದಿನ ಮಾತ್ರ ವಿಶ್ರಾಂತಿ ಕೊಡಿ” ಎಂದಿದ್ದರು. ನಮ್ಮ ಮನೆಯವರಿಗೆ ಮುಂದೆ ತೋರಿಸಲು ಬೇಕಾಗಬಹುದೆಂದು ಆ ಮಾತನ್ನು ಕಾಗದದ ಮೇಲೂ ಬರೆಸಿಕೊಳ್ಳಬೇಕೆನಿಸಿತ್ತು.

ಕೊಟ್ಟ ಗುಳಿಗೆಗಳಲ್ಲಿ ಮುಖ್ಯವಾದದ್ದು ಮೆಥೊಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ ಎಂದು ಡಾಕ್ಟರು ಎರಡೆರಡು ಸಲ ಹೇಳಿ, ಚೀಟಿಯ ಮೇಲೆ ವಾರದ ಹೆಸರು ಬರೆದು, ಕೆಳಗೆ ಗೆರೆ ಎಳೆದರು. ಅದರ ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್. ಯಾವ ವಾರ ಬೇಕೆಂದು ನನ್ನನ್ನೇ ಕೇಳಿದರು. ಭಜನೆ ಶನಿವಾರ ರಾತ್ರಿ ಇರುತ್ತಿತ್ತು. ನಾನು ಭಾನುವಾರ ರಾತ್ರಿ ಎಂದೆ. ಸೋಮವಾರವಿಡೀ ಹೊಟ್ಟೆ ತೊಳಸುವುದು, ತಲೆ ಭಾರ. ಹೀಗೆ ನನ್ನ ವಾರಕ್ಕೆ ಒಂದು ದಿನ ಕಡಿಮೆಯಾಯಿತು, ಆದರೆ ಶನಿವಾರ ಉಳಿಯಿತು.

ಸೋಮವಾರಗಳಲ್ಲಿ ಮಲಗಿಕೊಂಡೇ ಓದುವ ಚಟ ಹತ್ತಿತು. ಗುಳಿಗೆಗಳ ಚರಿತ್ರೆ ಓದಲು ಶುರುಮಾಡಿದೆ. ನನ್ನ ಡಬ್ಬಿಯೊಳಗಿನ ಕಥೆಗಳು ಕಾದಂಬರಿಗೆ ಕಡಿಮೆಯಿಲ್ಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆಗಿರಣಿಯ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಯ ಬೆನ್ನು ಹತ್ತಿದರು. ಯೀಸ್ಟಿನಿಂದ ಮಾಡುವ ಮಾರ್ಮೈಟ್ ಎಂಬ ಅಗ್ಗದ ಲೇಹ ತಿನ್ನಿಸಿದರೆ ಆ ಹೆಂಗಸರು ಚೇತರಿಸಿಕೊಳ್ಳುವುದನ್ನು ಕಂಡರು. ಅದರೊಳಗೆ ಇದ್ದದ್ದು ಫೋಲಿಕ್ ಆಸಿಡ್ ಎಂದು ಆಮೇಲೆ ಗೊತ್ತಾಯಿತು. ಆ ಫೋಲಿಕ್ ಆಸಿಡ್ಡನ್ನು 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಂದಾಳು ನಮ್ಮ ತೆಲುಗು ನಾಡಿನ ಯೆಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದವರು, ಸ್ಪ್ರೂ ಎಂಬ ಕರುಳಿನ ಬೇನೆಗೆ ತಮ್ಮ ಸ್ವಂತ ಸೋದರರನ್ನು ಕಳೆದುಕೊಂಡವರು. ಆ ಬೇನೆಗೇ ಮುಂದೆ ಫೋಲಿಕ್ ಆಸಿಡ್ ಮದ್ದಾಯಿತು. ಅದೇ ತಂಡ ಫೋಲಿಕ್ ಆಸಿಡ್ಡಿಗೆ ಅಡ್ಡಗಾಲು ಹಾಕುವ ಔಷಧಗಳನ್ನೂ ಮಾಡಿತು. ಅವುಗಳಲ್ಲೊಂದು ಮೆಥೊಟ್ರೆಕ್ಸೇಟ್. ಮೊದಲು ಅದು ಕ್ಯಾನ್ಸರಿನ ಮದ್ದು. ಸಣ್ಣ ಪ್ರಮಾಣದಲ್ಲಿ ಕೀಲುರೋಗಕ್ಕೆ ಕೊಡಲು ಅಮೆರಿಕ ಒಪ್ಪಿದ್ದು 1988ರಲ್ಲಿ. ಸುಬ್ಬರಾವ್ 1948ರಲ್ಲೇ, ಐವತ್ಮೂರರ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಭಾನುವಾರ ತಡೆಯುವುದೂ ಅವರದೇ, ಆಮೇಲೆ ತುಂಬಿಕೊಡುವುದೂ ಅವರದೇ. ಭೋರಿನ ದೇವರ ಗೂಡಿನಲ್ಲಿ ಅವರ ಫೋಟೋ ಇಟ್ಟರೆ ತಪ್ಪೇನು ಎಂದು ಒಮ್ಮೆ ಕೇಳಿದ್ದಕ್ಕೆ ಅತ್ತೆ ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಎರಡೂ ಗುಳಿಗೆ ಇವತ್ತಿಗೂ ಅಗ್ಗ. ನಮ್ಮ 1970ರ ಪೇಟೆಂಟ್ ಕಾಯ್ದೆ ಔಷಧಕ್ಕೆ ಏಕಸ್ವಾಮ್ಯ ಕೊಡದೆ, ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು. 2005ರಲ್ಲಿ ಅದು ಬದಲಾಯಿತು. ಅಷ್ಟರೊಳಗೆ ಹಳೆಯ ಔಷಧಗಳನ್ನೆಲ್ಲ ಇಲ್ಲಿನ ಕಂಪನಿಗಳು ಮಾಡಲು ಕಲಿತುಬಿಟ್ಟಿದ್ದವು. ಹಾಗಾದರೆ ದುಡ್ಡು ಹೋಗುತ್ತಿದ್ದದ್ದು ಎಲ್ಲಿ? ಗುಳಿಗೆಯ ಸುತ್ತ. ಲಿವರು, ಕಿಡ್ನಿ, ರಕ್ತಕಣಗಳ ಲೆಕ್ಕ ಎಂದು ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಇನ್ನೊಂದು ಗುಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕಣ್ಣಿನ ಪರದೆಗೆ ತೊಂದರೆ ಮಾಡಬಹುದೆಂದು ನೇತ್ರತಜ್ಞರ ಬಳಿ ತಪಾಸಣೆ. ಭೋರಿನಿಂದ ಪುಣೆಯ ಸ್ವಾರಗೇಟಿಗೆ ಎಸ್‌ಟಿ ಬಸ್ಸು, ಅಲ್ಲಿಂದ ರಿಕ್ಷಾ, ಡಾಕ್ಟರರ ಫೀ, ಮಧ್ಯಾಹ್ನದ ಊಟ, ಜೊತೆಗೆ ಬಂದವರ ಒಂದು ದಿನದ ಸಂಬಳ. ಆರೋಗ್ಯ ವಿಮೆ ಇತ್ತು. ಆಸ್ಪತ್ರೆಯಲ್ಲಿ ಮಲಗಿದರೆ ಕೊಡುತ್ತೇವೆ, ನಡೆದಾಡುವವರಿಗೆ ಇಲ್ಲ ಎನ್ನುವ ವಿಮೆ. ದೀರ್ಘಕಾಲದ ರೋಗಿ ನಡೆದಾಡುತ್ತಲೇ ಬಡವಾಗುತ್ತಾನೆ ಎಂಬುದು ಆ ಪಾಲಿಸಿ ಬರೆದವರಿಗೆ ಹೊಳೆದಿರಲಿಲ್ಲ.

ನಮ್ಮ ಯಜಮಾನರು ಶಿರವಳದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಮನೆಯಲ್ಲೂ ಸ್ಟೋರ್ಸಿನ ಶಿಸ್ತು. ಜಮಾಖರ್ಚಿನ ವಹಿಯಲ್ಲಿ ‘ಔಷಧ’ಕ್ಕೊಂದು ಪುಟ ತೆರೆದರು. ಆ ಪುಟದಲ್ಲಿ ಏನು ಬರೆದರೂ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಪೇಟಿಯ ಸ್ವರ ಸರಿಪಡಿಸಲು ಪುಣೆಯ ಕಾರಿಗರನಿಗೆ ಕೊಟ್ಟದ್ದನ್ನು ಬರೆಯಲು ಹೋದರೆ, “ಈ ವರ್ಷವೂ ಬೇಕಾ?” ರೋಗಿಷ್ಟ ಹೆಂಗಸಿನ ಔಷಧ ಅಗತ್ಯ, ಪೇಟಿ ಶೋಕಿ, ಇದು ಮನೆಯ ಅಲಿಖಿತ ಕಾನೂನು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವ್ವನೇ ಒಮ್ಮೆ, “ಆ ಪೇಟಿ ಮಾರಿ ಒಂದ್ ವರ್ಷದ ಗುಳಿಗಿ ತಗೋಬಾರ್ದ?” ಎಂದಿದ್ದಳು. ಅದನ್ನು ಕೊಡಿಸಿದವಳೂ ಅವಳೇ.

ನನಗೆ ಅದು ತಲೆಕೆಳಗಾಗಿ ಕಾಣುತ್ತಿತ್ತು. ಚೌಕಾಸಿ ಮಾಡಬೇಕಾದದ್ದು ಔಷಧದ ಜೊತೆ. ಅಲ್ಲಿ ಯಾರೂ ಮಾಡುವುದಿಲ್ಲ. ಚೀಟಿ ಕೊಟ್ಟು, ಕೇಳಿದಷ್ಟು ಕೊಟ್ಟು, ತಲೆ ತಗ್ಗಿಸಿ ಬರುತ್ತೇವೆ. ನಾನು ಗುಳಿಗೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಲು ಕಲಿತೆ. ಅದೇ ಔಷಧ, ಅದೇ ಮಿಲಿಗ್ರಾಂ, ಬೇರೆ ಬೇರೆ ಹೆಸರು, ಬೇರೆ ಬೇರೆ ದರ. 2013ರ ಔಷಧ ಬೆಲೆ ಆದೇಶದ ಪ್ರಕಾರ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದ್ದುದಕ್ಕೆ ಸರಕಾರ ಗರಿಷ್ಠ ದರ ಕಟ್ಟುತ್ತದೆ: ಪೇಟೆಯಲ್ಲಿ ಶೇಕಡಾ ಒಂದಾದರೂ ಪಾಲಿರುವ ಎಲ್ಲ ಕಂಪನಿಗಳ ದರದ ಸರಾಸರಿ, ಅದರ ಮೇಲೆ ಅಂಗಡಿಯವನಿಗೆ ಶೇ 16. ಸಗಟು ಬೆಲೆ ಸೂಚ್ಯಂಕ ಏರಿದರೆ ಅದೂ ಏರುತ್ತದೆ. 2022ರ ಏಪ್ರಿಲ್‌ನಲ್ಲಿ ಶೇ 10.77, ಮರುವರ್ಷ ಶೇ 12.12 ಏರಿಸಿಕೊಳ್ಳಲು ಅನುಮತಿ ಸಿಕ್ಕಿತ್ತು. ಪಟ್ಟಿಯಲ್ಲಿಲ್ಲದ್ದನ್ನು ವರ್ಷಕ್ಕೆ ಶೇ 10ರವರೆಗೆ ಕಂಪನಿಗಳೇ ಏರಿಸಬಹುದು. ಇದನ್ನೆಲ್ಲ ತಿಳಿದುಕೊಂಡು ಒಂದು ಅಂಗಡಿಯಲ್ಲಿ, “ಇದೇ ಔಷಧ ಕಡಿಮೆ ದರದ್ದು ಕೊಡಿ” ಎಂದೆ. “ವಹಿನಿ, ಡಾಕ್ಟರು ಬರೆದದ್ದನ್ನೇ ತಗೊಳ್ಳಿ, ಜೀವಕ್ಕಿಂತ ದುಡ್ಡು ಹೆಚ್ಚಾ?” ಎಂದು ನಾಲ್ಕು ಜನರೆದುರು ಅಂದರು. ಮುಂದಿನ ಭೇಟಿಯಲ್ಲಿ ಡಾಕ್ಟರರಿಗೇ ಕೇಳಿ ಔಷಧದ ಮೂಲ ಹೆಸರು ದೊಡ್ಡಕ್ಷರದಲ್ಲಿ ಬರೆಸಿಕೊಂಡೆ. 2008ರಲ್ಲಿ ಶುರುವಾದ ಜನೌಷಧಿ ಅಂಗಡಿಗಳ ಸಂಖ್ಯೆ 2025ರ ಹೊತ್ತಿಗೆ ಹದಿನೈದು ಸಾವಿರ ಮುಟ್ಟಿತು. ಅಲ್ಲಿ ಸಿಗುವುದನ್ನು ಅಲ್ಲಿ, ಉಳಿದದ್ದನ್ನು ಹೊರಗೆ.

ಮತ್ತು ಒಂದು ಸಂಜೆ ವಹಿ ತೆಗೆದು, ಪೇಟಿಯ ರೀಡು ಬದಲಿಸಿದ ಖರ್ಚನ್ನು ‘ಔಷಧ’ದ ಪುಟದಲ್ಲೇ ಬರೆದೆ. ಯಜಮಾನರು ನೋಡಿದರು, ಕನ್ನಡಕ ಸರಿಮಾಡಿಕೊಂಡರು, ಕೂಡಿಸಿ ಕೆಳಗೆ ಮೊತ್ತ ಬರೆದರು. ಆಮೇಲೆ ಆ ವಿಷಯ ಮನೆಯಲ್ಲಿ ಬರಲಿಲ್ಲ.

ನುಡಿಸುವುದು ಬದಲಾಯಿತು. ಬೆಳಗಿನ ರಿಯಾಜು ಹೋಯಿತು. ಬೆಳಗಿನ ಕೈ ನನ್ನದಲ್ಲ. ಸಂಜೆ ನಾಲ್ಕರ ಮೇಲೆ, ಬಿಸಿನೀರಲ್ಲಿ ಬೆರಳು ಅದ್ದಿ ಕೂರುತ್ತಿದ್ದೆ. ಭೀಮಪಲಾಸ, ಮುಲ್ತಾನಿ, ಪೂರಿಯಾ ಧನಾಶ್ರೀ ಹೆಚ್ಚು ಹತ್ತಿರವಾದವು, ಭೈರವ, ತೋಡಿ ದೂರವಾದವು. ರೋಗ ನನ್ನ ರಾಗಗಳನ್ನೂ ಆರಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ಈ ಬೇನೆ ಸಾಮಾನ್ಯವಾಗಿ ಉಗುರಿನ ಹತ್ತಿರದ ಗೆಣ್ಣನ್ನು ಬಿಟ್ಟುಬಿಡುತ್ತದೆ. ಹಿಡಿಯುವುದು ನಡುವಿನ ಗೆಣ್ಣನ್ನು, ಬೆರಳಿನ ಬುಡವನ್ನು. ಹಾಗಾಗಿ ತುದಿಬೆರಳಿನ ಹಗುರ ಒತ್ತು ಉಳಿಯಿತು. ವೇಗದ ತಾನ ಹೋಯಿತು. ಹೆಬ್ಬೆರಳನ್ನು ಬೆರಳ ಕೆಳಗಿಂದ ದಾಟಿಸುವ ಕಡೆ ನೋವು. ಅಲ್ಲಿ ಸ್ವರ ಬಿಟ್ಟು, ಹಿಂದಿನ ಸ್ವರವನ್ನೇ ಸ್ವಲ್ಪ ಹೆಚ್ಚು ಹೊತ್ತು ಹಿಡಿದರೆ ಹಾಡುವವರಿಗೆ ಹೆಚ್ಚು ಜಾಗ ಸಿಗುತ್ತಿತ್ತು. “ವಹಿನಿ ಈಗ ಹಾಡಲು ಬಿಡುತ್ತಾರೆ” ಎಂದು ಮಂಡಳಿಯವರು ಮೆಚ್ಚಿದರು. ಮೊದಲು ನಾನು ಅವರ ಮೇಲೆ ಓಡುತ್ತಿದ್ದೆನೆಂದು ಆಗ ತಿಳಿಯಿತು. ಎಡಗೈಯ ಮಣಿಕಟ್ಟಿಗೆ ಗಾಳಿ ತಿದಿ ಭಾರವಾದಾಗ ಸಾತಾರೆಯ ಕಡೆಯ ಕಾರಿಗರನೊಬ್ಬ ಸ್ಪ್ರಿಂಗು ಸಡಿಲಿಸಿ ಕೊಟ್ಟ. ದನಿ ಸ್ವಲ್ಪ ಮೆತ್ತಗಾಯಿತು, ಕೈಗೆ ಹಿತವಾಯಿತು.

ಮಳೆಗಾಲದಲ್ಲಿ ಇಬ್ಬರಿಗೂ ಸಂಕಟ. ಮಳೆಗೂ ಕೀಲುನೋವಿಗೂ ನಂಟಿದೆಯೇ ಎಂಬುದರಲ್ಲಿ ಸಂಶೋಧಕರಿಗೆ ಒಮ್ಮತವಿಲ್ಲ. ಪೇಟಿಯ ವಿಷಯದಲ್ಲಿ ಅಂಥ ಅನುಮಾನ ಯಾರಿಗೂ ಇಲ್ಲ. ಭೋರಿನ ಜುಲೈಯಲ್ಲಿ ಮರ ಉಬ್ಬುತ್ತದೆ, ಪಟ್ಟಿಗಳು ಕಚ್ಚಿಕೊಳ್ಳುತ್ತವೆ, ಹಿತ್ತಾಳೆಯ ರೀಡು ಕಿಲುಬು ಹಿಡಿದು ಒಂದು ಸ್ವರ ಬೇಕೆಂದೇ ಇಳಿದುಹೋಗುತ್ತದೆ. ರೀಡು ಬರುವುದು ಗುಜರಾತಿನ ಪಾಲಿತಾಣಾದಿಂದ. ಆಕಾಶವಾಣಿ 1940ರಿಂದ 1971ರ ತನಕ ಪೇಟಿಯನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು ಎಂದು ನೆನಪಿಸಿಕೊಂಡು, ನನ್ನ ಪೇಟಿಗೆ ಪ್ಲಾಸ್ಟಿಕ್ ಹೊದಿಸಿ ಒಳಕೋಣೆಯಲ್ಲಿ ಬೆಚ್ಚಗಿಡುತ್ತೇನೆ.

ಪರೀಕ್ಷೆಗಳ ಖರ್ಚಿಗೆಂದು ಮಕ್ಕಳಿಗೆ ಪೇಟಿ ಕಲಿಸಲು ಶುರುಮಾಡಿದೆ. ಇದನ್ನು ಎಲ್ಲರೂ ಜಾಣತನ ಎಂದರು, ಹವ್ಯಾಸವೇ ಔಷಧದ ದುಡ್ಡು ತಂದುಕೊಟ್ಟಿತಲ್ಲ ಎಂದರು. ನನಗೆ ಅಷ್ಟು ಖಾತ್ರಿಯಿಲ್ಲ. ಸರಿಗಮದ ಅಲಂಕಾರವನ್ನೇ ಸಂಜೆಯಿಡೀ ಕೇಳಿದ ಮೇಲೆ ನನ್ನ ಪೇಟಿ ತೆರೆಯಲು ಮನಸ್ಸಾಗುತ್ತಿರಲಿಲ್ಲ. ಕೊನೆಗೆ ವಾರಕ್ಕೆ ಎರಡು ಸಂಜೆ ಯಾವ ಮಗುವೂ ಬರಬಾರದೆಂದು ಇಟ್ಟುಕೊಂಡೆ. ಆ ಸಂಜೆಗಳಿಂದ ನಷ್ಟ ಎಷ್ಟೆಂದು ವಹಿಯಲ್ಲಿ ಬರೆಯಲಿಲ್ಲ.

ಡಿಸೆಂಬರ್ ಬಂದರೆ ಸವಾಯಿ ಗಂಧರ್ವ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮರುವರ್ಷದಿಂದ, ಶಿಷ್ಯ ಗದುಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನಡೆಸಿದ ಉತ್ಸವ. ನನ್ನ ಪಾಲಿಗೆ ಅದು ತವರಿನ ಜಾತ್ರೆ; ಮರಾಠಿ ಮಂದಿಯ ನಡುವೆ ಕೂತು, ಧಾರವಾಡದ ಕಡೆಯ ಗಾಯಕರು ಬಂದಾಗ ಒಳಗೊಳಗೇ ಮೀಸೆ ತಿರುವುವುದು. ಅಗ್ಗದ ಟಿಕೆಟ್ಟು ನೆಲದ ಮೇಲೆ ಕೂರುವವರಿಗೆ. ನನ್ನ ಮಂಡಿಗಳೂ ಕೈ ಬಿಟ್ಟ ವರ್ಷ ಕುರ್ಚಿಯ ಟಿಕೆಟ್ಟು ಕೊಳ್ಳಬೇಕಾಯಿತು. ರೋಗದ ಖರ್ಚನ್ನು ಲೆಕ್ಕ ಹಾಕುವವರು ಯಾರೂ ಇದನ್ನು ಸೇರಿಸುವುದಿಲ್ಲ: ನೆಲಕ್ಕೂ ಕುರ್ಚಿಗೂ ನಡುವಿನ ಅಂತರ. ನಾನು ಸೇರಿಸಿದೆ, ಔಷಧದ ಪುಟದಲ್ಲೇ. ಐದೂ ದಿನ ಆಗದು. ಒಂದು ದಿನ ಆರಿಸಿ, ಅಂದೇ ಬೆಳಿಗ್ಗೆ ಡಾಕ್ಟರರ ಭೇಟಿ ಇಟ್ಟುಕೊಂಡು, ಬಸ್ಸಿನ ದುಡ್ಡು ಒಂದೇ ಸಲಕ್ಕೆ ಮುಗಿಸುತ್ತೇನೆ. ಬೆಳಿಗ್ಗೆ ರಕ್ತ ಕೊಟ್ಟು ಸಂಜೆ ಮಾರವಾ ಕೇಳಿದ ದಿನ ನನ್ನ ವರ್ಷದ ಒಳ್ಳೆಯ ದಿನ.

2020ರಲ್ಲಿ ಆ ಉತ್ಸವವೂ ಇಲ್ಲ, ಗುಳಿಗೆಯೂ ಇಲ್ಲ. ಮಾರ್ಚ್ ಕೊನೆಯ ವಾರದಲ್ಲಿ, ಕೊರೊನಾ ತಡೆಗೆಂದು ಆರೋಗ್ಯ ಸಿಬ್ಬಂದಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡಬಹುದೆಂದು ಐಸಿಎಂಆರ್ ಹೇಳಿದ್ದೇ ತಡ, ಜನ ಅಂಗಡಿಗಳಿಗೆ ನುಗ್ಗಿದರು. ಸರಕಾರ ರಫ್ತು ನಿಲ್ಲಿಸಿತು, ಚೀಟಿಯಿಲ್ಲದೆ ಮಾರಬಾರದೆಂದು ಎಚ್‌1 ಪಟ್ಟಿಗೆ ಹಾಕಿತು, ಅಮೆರಿಕದ ಅಧ್ಯಕ್ಷರು ಕಣ್ಣು ಕೆಂಪು ಮಾಡಿದ ಮೇಲೆ ರಫ್ತು ಸಡಿಲಿಸಿತು. ವರ್ಷಗಳಿಂದ ಯಾರೂ ಹೆಸರು ಕೇಳದ ನನ್ನ ಗುಳಿಗೆ ಟಿವಿಯಲ್ಲಿ ದಿನವಿಡೀ. ಭೋರಿನಲ್ಲಿ ಎಲ್ಲೂ ಇಲ್ಲ, ಪುಣೆಯ ದಾರಿ ಬಂದ್. ಈ ಔಷಧ ಕೀಲಿಗೆ ಬಂದದ್ದೇ ಮಲೇರಿಯಾದ ಕಡೆಯಿಂದ. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾ ತಡೆಯಲು ಇದರ ಜಾತಿಯ ಗುಳಿಗೆ ನುಂಗಿದ ಸೈನಿಕರ ಚರ್ಮದ, ಕೀಲಿನ ಬೇನೆ ಇಳಿದದ್ದು ವೈದ್ಯರ ಕಣ್ಣಿಗೆ ಬಿದ್ದಿತ್ತು. ಈಗ ಅದು ಮೂರನೆಯ ಮನೆಗೆ ಹೊರಟಿತ್ತು. ಡಾಕ್ಟರು ಫೋನಿನಲ್ಲಿ ಸಮಾಧಾನ ಹೇಳಿದರು: ಮೈಯಲ್ಲಿ ಅದು ವಾರಗಟ್ಟಲೆ ಉಳಿಯುತ್ತದೆ, ಅರ್ಧದಷ್ಟು ಕರಗಲೇ ತಿಂಗಳಿಗಿಂತ ಹೆಚ್ಚು ಬೇಕು, ಗಾಬರಿ ಬೇಡ. ಜೂನ್ ಹೊತ್ತಿಗೆ ದೊಡ್ಡ ಪ್ರಯೋಗಗಳಲ್ಲಿ ಕೊರೊನಾಕ್ಕೆ ಇದರಿಂದ ಪ್ರಯೋಜನವಿಲ್ಲವೆಂದು ಗೊತ್ತಾಗಿ ಗುಳಿಗೆ ಮತ್ತೆ ಅಂಗಡಿಗೆ ಬಂತು. ಆ ಬೇಸಿಗೆಯಲ್ಲಿ ಭಜನೆ ಇರಲಿಲ್ಲ. ಸಂಜೆ ಮಹಡಿಯ ಮೇಲೆ ಕೂತು ನುಡಿಸುತ್ತಿದ್ದೆ. ಎದುರು ಮನೆಯ ಪಖವಾಜಿನವರು ಅವರ ಮಹಡಿಯಿಂದ ಠೇಕಾ ಹಿಡಿಯುತ್ತಿದ್ದರು. ನಡುವೆ ಗಲ್ಲಿಯಲ್ಲಿ ಪೊಲೀಸ್ ಜೀಪು ನಿಂತು ಕೇಳಿ ಹೋದದ್ದೂ ಉಂಟು.

ರೋಗಕ್ಕೆ ನಾನು ಬಿಟ್ಟುಕೊಟ್ಟದ್ದು ರಾಯರೇಶ್ವರ. ಶಿವಾಜಿ 1645ರಲ್ಲಿ ಸ್ವರಾಜ್ಯದ ಪ್ರತಿಜ್ಞೆ ಮಾಡಿದನೆಂದು ಹೇಳುವ ಆ ಎತ್ತರದ ಬಯಲಿಗೆ ಮಂಡಳಿಯವರೊಂದಿಗೆ ಶಿವರಾತ್ರಿಗೆ ಹೋಗುತ್ತಿದ್ದೆ. ಮೇಲೆ ಜಂಗಮರ ಮನೆಗಳಿವೆ. ಕೊರಳಲ್ಲಿ ಲಿಂಗ, ಬಾಯಲ್ಲಿ ಮರಾಠಿ, ಅವರ ಕಟ್ಟೆಯ ಮೇಲೆ ಕೂತರೆ ನನಗೆ ಬೈಲಹೊಂಗಲದ ನೆಂಟರ ಮನೆ ನೆನಪಾಗುತ್ತಿತ್ತು. ಕೊನೆಗೆ ಕಬ್ಬಿಣದ ಏಣಿ ಹತ್ತಬೇಕು. ಅದನ್ನು ಬಿಗಿಯಾಗಿ ಹಿಡಿಯುವ ಕೈ ಈಗ ಇಲ್ಲ. ಅದಕ್ಕೆ ಅತ್ತದ್ದುಂಟು. ಎಲ್ಲ ಹವ್ಯಾಸವನ್ನೂ ಉಳಿಸಿಕೊಂಡೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಹೋದ ಭೇಟಿಯಲ್ಲಿ ಡಾಕ್ಟರು ಮುಂದಿನ ಮೆಟ್ಟಿಲಿನ ಮಾತೆತ್ತಿದರು. ಬಲಗೈಯ ತೋರುಬೆರಳು ಓರೆಯಾಗತೊಡಗಿದೆ. ಜೈವಿಕ ಔಷಧದ ಇಂಜೆಕ್ಷನ್ನುಗಳಿವೆ. ನಮ್ಮಲ್ಲೇ ಅವುಗಳ ಅಗ್ಗದ ರೂಪಗಳೂ ಬರತೊಡಗಿವೆ, ಆದರೂ ನಮ್ಮ ವಹಿಗೆ ದೊಡ್ಡವು. ಟೊಫಾಸಿಟಿನಿಬ್ ಎಂಬ ಗುಳಿಗೆಯೂ ಈಗ ಇಲ್ಲಿನ ಕಂಪನಿಗಳಿಂದ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಔಷಧದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದನ್ನೂ ಸೇರಿಸಿ ಯಜಮಾನರು ಎರಡು ಬಗೆಯ ಲೆಕ್ಕ ಬರೆದಿಟ್ಟಿದ್ದಾರೆ. ಎರಡರಲ್ಲೂ ಪೇಟಿಯ ಸಾಲು ಇದೆ, ಅವರದೇ ಕೈಬರಹದಲ್ಲಿ. ಡಿಸೆಂಬರಿನ ಕುರ್ಚಿಯೂ ಇದೆ.

ಬರುವ ಏಕಾದಶಿ ಸೋಮವಾರ ಬಿದ್ದಿದೆ. ಗುಳಿಗೆಯ ಮರುದಿನ. ಮಂಡಳಿಯವರಿಗೆ ಹೇಳಿ ಕಳಿಸಿದ್ದೇನೆ: ಮೊದಲ ಮೂರು ಅಭಂಗಕ್ಕೆ ನನ್ನ ಹತ್ತಿರ ಕಲಿಯುವ ಹುಡುಗಿ ಕೂರುತ್ತಾಳೆ, ನಾಲ್ಕನೆಯದರಿಂದ ನಾನು. ಅವಳಿಗೆ ಸಿನಿಮಾ ಹಾಡು ನುಡಿಸುವ ಆಸೆ, ಅಭಂಗದ ನಡುವೆ ಎಲ್ಲಾದರೂ ತುರುಕುತ್ತಾಳೆ ಎಂದು ಪಖವಾಜಿನವರು ಗೊಣಗಿದ್ದಾರೆ. ತುರುಕಿದರೆ ಠೇಕಾ ಹಿಡಿಯಿರಿ ಎಂದಿದ್ದೇನೆ.